ಚಾಳೀಸು ಮತ್ತು ಪೀಸಾದ ಸಂನ್ಯಾಸಿ

ಓದುವ ಕನ್ನಡಕವನ್ನು ನಮ್ಮ ಹಿರಿಯರು ‘ಚಾಳೀಸು’ ಎಂದು ಕರೆಯುತ್ತಿದ್ದರು. ಮರಾಠಿ, ಹಿಂದಿಗಳಲ್ಲಿ ನಲವತ್ತು ಎಂಬ ಸಂಖ್ಯೆಗಿರುವ ಹೆಸರೇ ನಮ್ಮಲ್ಲಿ ಕನ್ನಡಕದ ಹೆಸರಾಗಿ ಉಳಿದುಕೊಂಡಿತು. “ಅವರಿಗೆ ಚಾಳೀಸು ಬಂತು” ಎಂದರೆ ಪ್ರಾಯ ನಲವತ್ತು ದಾಟಿತು, ಅಕ್ಷರ ಮಸುಕಾಗತೊಡಗಿತು ಎಂದರ್ಥ. ವೈದ್ಯಶಾಸ್ತ್ರವು ನಾಲ್ಕು ವಾಕ್ಯಗಳಲ್ಲಿ ವಿವರಿಸುವ ಸಂಗತಿಯನ್ನು ಆಡುನುಡಿಯು ಒಂದೇ ಪದದಲ್ಲಿ ಹಿಡಿದಿಟ್ಟಿದೆ.

ಬಲಿಪೂಜೆಯಲ್ಲಿ ವಾಚನ ಓದಲು ಕರೆದಾಗ “ಬೇರೆ ಯಾರಿಗಾದರೂ ಹೇಳಿ ಸ್ವಾಮಿ” ಎಂದು ಹಿಂಜರಿಯುವವರು ಎಲ್ಲ ಧರ್ಮಕೇಂದ್ರಗಳಲ್ಲಿಯೂ ಇದ್ದಾರೆ. ಅದು ಸಂಕೋಚ ಅಥವಾ ವಿನಯ ಎಂದು ನಾವು ಭಾವಿಸುತ್ತೇವೆ. ಹಲವರ ವಿಷಯದಲ್ಲಿ ಅದು ಎರಡೂ ಅಲ್ಲ. ಅಕ್ಷರ ಕಾಣಿಸುವುದಿಲ್ಲ, ಅಷ್ಟೇ. ಗೀತೆಗಳ ಪುಸ್ತಕವನ್ನು ತೋಳಿನುದ್ದಕ್ಕೂ ದೂರ ಹಿಡಿಯುವವರು, ಕೊನೆಗೆ ಅದನ್ನು ಮುಚ್ಚಿ ನೆನಪಿನಿಂದಲೇ ಹಾಡುವವರು, ಸೂಜಿಗೆ ದಾರ ಪೋಣಿಸಲು ಮೊಮ್ಮಗಳನ್ನು ಕೂಗುವವರು, ಮೊರದಲ್ಲಿ ಅಕ್ಕಿ ಹರಡಿಕೊಂಡು ಕಲ್ಲು ಯಾವುದು ಕಾಳು ಯಾವುದು ಎಂದು ಬೆರಳಿನಿಂದಲೇ ತಡಕುವವರು ನಮ್ಮ ನಡುವೆ ಎಷ್ಟೋ ಮಂದಿ. ಇವರ ತೊಂದರೆಗೆ ಪರಿಹಾರ ದೊರೆತು ಏಳು ನೂರು ವರ್ಷಗಳ ಮೇಲಾಯಿತು. ಆ ಪರಿಹಾರದ ಚರಿತ್ರೆಯಲ್ಲಿ ಧರ್ಮಸಭೆಯ ಕೆಲವು ಸಂನ್ಯಾಸಿಗಳಿಗೂ ಪಾಲಿದೆಯೆಂಬುದನ್ನು ನಮ್ಮವರೇ ಅಷ್ಟಾಗಿ ಅರಿತಿಲ್ಲ.

ಪವಿತ್ರ ಗ್ರಂಥದ ಹಿರಿಯರಲ್ಲಿ ಕಣ್ಣು ಮಂದವಾದವರು ಅನೇಕರು. ವೃದ್ಧ ಇಸಾಕನಿಗೆ ಕಣ್ಣು ಕಾಣಿಸದೆ ಇದ್ದುದರಿಂದಲೇ ಏಸಾವನಿಗೆ ಸಲ್ಲಬೇಕಾಗಿದ್ದ ಆಶೀರ್ವಾದ ಯಕೋಬನ ಪಾಲಾಯಿತು. ಮುಂದೆ ಅದೇ ಯಕೋಬನು ಮುದುಕನಾದಾಗ ಮೊಮ್ಮಕ್ಕಳನ್ನು ಗುರುತಿಸಲಾರದೆ ಹೋದನು. ಯಾಜಕ ಏಲಿಯ ದೃಷ್ಟಿಯೂ ಕುಂದಿತ್ತು. ನೂರಿಪ್ಪತ್ತು ವರ್ಷ ಬಾಳಿದ ಮೋಶೆಯ ಕಣ್ಣು ಮೊಬ್ಬಾಗಿರಲಿಲ್ಲವೆಂದು ಧರ್ಮೋಪದೇಶಕಾಂಡದ ಕೊನೆಯ ಅಧ್ಯಾಯವು ವಿಶೇಷವಾಗಿ ದಾಖಲಿಸುತ್ತದೆ. ವಿಶೇಷವೆನಿಸಿದ್ದರಿಂದಲೇ ಅಲ್ಲವೇ ಅದನ್ನು ದಾಖಲಿಸಿದ್ದು! ಉಳಿದವರ ಪಾಲಿಗೆ ಪ್ರಾಯ ಸಂದಂತೆ ಕಣ್ಣಿನ ಬೆಳಕು ತಗ್ಗುವುದು ಕೂದಲು ನರೆಯುವಷ್ಟೇ ಸಹಜವಾಗಿತ್ತು.

ಮಧ್ಯಯುಗದ ಮಠಗಳಲ್ಲಿ ಇದರ ಬಿಸಿ ಹೆಚ್ಚಾಗಿ ತಟ್ಟಿತು. ಗ್ರಂಥಗಳನ್ನು ಕೈಯಿಂದ ನಕಲು ಮಾಡುವುದು, ದಿನಕ್ಕೆ ಹಲವು ಬಾರಿ ಕೀರ್ತನೆಗಳನ್ನು ಓದಿ ಪ್ರಾರ್ಥಿಸುವುದು ಸಂನ್ಯಾಸಿಗಳ ನಿತ್ಯಕರ್ಮ. ಪಾಂಡಿತ್ಯವು ಪಕ್ವವಾಗುವುದು ನಲವತ್ತೈದು, ಐವತ್ತರ ಪ್ರಾಯದಲ್ಲಿ. ಅದೇ ಹೊತ್ತಿಗೆ ಅಕ್ಷರಗಳು ಕೈತಪ್ಪಿ ಹೋಗುತ್ತಿದ್ದವು. ಜೀವಮಾನವಿಡೀ ಓದಿದವನು ಓದಿದ್ದನ್ನು ಬರೆದಿಡಬೇಕಾದ ಕಾಲಕ್ಕೆ ಕಿರಿಯರ ಬಾಯಿಂದ ಓದಿಸಿಕೊಂಡು ಕುಳಿತುಕೊಳ್ಳಬೇಕಾಗುತ್ತಿತ್ತು.

ಇದಕ್ಕೆ ಕಾರಣವನ್ನು ಸ್ವಲ್ಪ ತಿಳಿದುಕೊಳ್ಳೋಣ. ನಮ್ಮ ಕಣ್ಣಿನ ಪಾಪೆಯ ಹಿಂದೆ ಒಂದು ಪಾರದರ್ಶಕ ಮಸೂರವಿದೆ. ಬಾಲ್ಯದಲ್ಲಿ ಅದು ಮೃದುವಾಗಿರುತ್ತದೆ. ದೂರದ ಬೆಟ್ಟವನ್ನು ನೋಡುವಾಗ ತೆಳುವಾಗಿ, ಕೈಯಲ್ಲಿರುವ ಪುಸ್ತಕವನ್ನು ನೋಡುವಾಗ ಉಬ್ಬಿ, ಬೆಳಕನ್ನು ಅಕ್ಷಿಪಟಲದ ಮೇಲೆ ಸರಿಯಾಗಿ ಕೂಡಿಸುತ್ತದೆ. ಅದರ ಸುತ್ತಲಿರುವ ಉಂಗುರದಂತಹ ಸ್ನಾಯುವು ಈ ಕೆಲಸವನ್ನು ಮಾಡಿಸುತ್ತದೆ. ವರ್ಷಗಳು ಕಳೆದಂತೆ ಮಸೂರವು ಗಡುಸಾಗುತ್ತದೆ. ಸ್ನಾಯು ಎಷ್ಟೇ ಪ್ರಯತ್ನಿಸಿದರೂ ಅದು ಉಬ್ಬುವುದಿಲ್ಲ. ಹತ್ತಿರದ ವಸ್ತುವಿನ ಬಿಂಬ ಕಲಸಿಹೋಗುತ್ತದೆ. ಇದು ರೋಗವಲ್ಲ, ಪಾಪದ ಫಲವೂ ಅಲ್ಲ. ಬಹಳ ಓದಿದ್ದರಿಂದ ಬರುವಂಥದ್ದೂ ಅಲ್ಲ. ಓದು ಬರಹ ಬಾರದವನಿಗೂ ನಲವತ್ತು ದಾಟಿದ ಮೇಲೆ ಇದು ಬಂದೇ ಬರುತ್ತದೆ.

ಉಬ್ಬಲಾರದ ಮಸೂರಕ್ಕೆ ಹೊರಗಿನಿಂದ ಒಂದು ಉಬ್ಬಿದ ಗಾಜನ್ನು ಜೊತೆಗೂಡಿಸಿದರೆ ಸಾಕು. ಈ ಸರಳ ಉಪಾಯಕ್ಕೆ ದಾರಿ ಮಾಡಿಕೊಟ್ಟವರಲ್ಲಿ ಮೊದಲಾಗಿ ನೆನೆಯಬೇಕಾದವನು ಮುಸ್ಲಿಂ ವಿದ್ವಾಂಸ ಇಬ್ನ್ ಅಲ್-ಹೈಥಮ್. ಹನ್ನೊಂದನೆಯ ಶತಮಾನದಲ್ಲಿ ಕೈರೋ ನಗರದಲ್ಲಿ ಬಾಳಿದ ಆತ ಬೆಳಕು ಮತ್ತು ದೃಷ್ಟಿಯ ಕುರಿತು ಬರೆದ ಬೃಹದ್ಗ್ರಂಥವು ಲತೀನ್ ಭಾಷೆಗೆ ಅನುವಾದಗೊಂಡು ಯೂರೋಪಿನ ಮಠಗಳನ್ನೂ ವಿಶ್ವವಿದ್ಯಾಲಯಗಳನ್ನೂ ತಲುಪಿತು. ಅದನ್ನು ಅಭ್ಯಸಿಸಿದವರಲ್ಲಿ ಆಂಗ್ಲ ಫ್ರಾನ್ಸಿಸ್ಕನ್ ಸಂನ್ಯಾಸಿ ರೋಜರ್ ಬೇಕನ್ ಒಬ್ಬನು. 1267ರಲ್ಲಿ ಜಗದ್ಗುರು ನಾಲ್ಕನೆಯ ಕ್ಲೆಮೆಂಟರಿಗೆ ಕಳುಹಿಸಿದ ತನ್ನ ಮಹಾಗ್ರಂಥದಲ್ಲಿ ಅವನು, ಗೋಲದಿಂದ ಕತ್ತರಿಸಿದ ಗಾಜಿನ ತುಂಡನ್ನು ಅಕ್ಷರಗಳ ಮೇಲೆ ಇಟ್ಟರೆ ಅವು ದೊಡ್ಡದಾಗಿ ಕಾಣುತ್ತವೆಂದೂ ವೃದ್ಧರಿಗೂ ಕಣ್ಣು ದುರ್ಬಲವಾದವರಿಗೂ ಇದು ಉಪಯುಕ್ತವೆಂದೂ ತಿಳಿಸಿದ್ದಾನೆ. ಆದರೆ ಬೇಕನ್ ಹೇಳಿದ್ದು ಪುಟದ ಮೇಲೆ ಇಡುವ ಗಾಜನ್ನು. ಅದನ್ನು ಪುಟದಿಂದ ಎತ್ತಿ ಕಣ್ಣಿನ ಮುಂದೆ, ಒಂದಲ್ಲ ಎರಡನ್ನು ಜೋಡಿಸಿ ನಿಲ್ಲಿಸಬೇಕೆಂದು ಹೊಳೆದದ್ದು ಇನ್ನೊಬ್ಬನಿಗೆ.

ಆ ಇನ್ನೊಬ್ಬನು ಯಾರು? ಹೆಸರು ಚರಿತ್ರೆಯಲ್ಲಿ ಉಳಿದಿಲ್ಲ. 1306ರ ಫೆಬ್ರವರಿ 23ರಂದು ಫ್ಲಾರೆನ್ಸ್ ನಗರದಲ್ಲಿ ದೊಮಿನಿಕ ಸಭೆಯ ಗುರು ಪೀಸಾದ ಜೊರ್ದಾನೊ ಎಂಬವರು ಪ್ರಬೋಧನೆ ನೀಡಿದರು. ಕೇಳುಗರು ಬರೆದಿಟ್ಟುಕೊಂಡಿದ್ದರಿಂದ ಅದು ನಮಗೆ ದೊರೆತಿದೆ. ಕನ್ನಡಕ ಮಾಡುವ ಕಲೆಯು ಜಗತ್ತಿನ ಅತ್ಯಗತ್ಯ ಕಲೆಗಳಲ್ಲಿ ಒಂದೆಂದೂ ಅದು ಹುಟ್ಟಿ ಇನ್ನೂ ಇಪ್ಪತ್ತು ವರ್ಷ ತುಂಬಿಲ್ಲವೆಂದೂ ಅದನ್ನು ಮೊದಲು ಮಾಡಿದವನನ್ನು ತಾನು ಕಂಡು ಮಾತನಾಡಿಸಿರುವೆನೆಂದೂ ಅವರು ಅಂದು ಹೇಳಿದರು. ಹಾಗಿದ್ದರೆ ಕನ್ನಡಕದ ಹುಟ್ಟು 1286ರ ನಂತರವೇ ಆಗಿರಬೇಕು. ಅಷ್ಟು ಹೇಳಿದ ಗುರುಗಳು ಆ ಮನುಷ್ಯನ ಹೆಸರನ್ನು ಮಾತ್ರ ಹೇಳಲಿಲ್ಲ. ಪ್ರಬೋಧನೆ ಮಾಡುವವರ ಈ ಅಭ್ಯಾಸ ಬಹಳ ಹಳೆಯದೆಂದು ತೋರುತ್ತದೆ!

ಜೊರ್ದಾನೊರವರ ಪೀಸಾ ನಗರದಲ್ಲಿಯೇ, ಸಂತ ಕತರೀನಾ ದೊಮಿನಿಕ ಮಠದಲ್ಲಿ ಅಲೆಸ್ಸಾಂದ್ರೊ ದೆಲ್ಲಾ ಸ್ಪೀನಾ ಎಂಬ ಸಂನ್ಯಾಸಿಯಿದ್ದರು. 1313ರಲ್ಲಿ ಅವರು ತೀರಿಕೊಂಡಾಗ ಮಠದ ವೃತ್ತಾಂತದಲ್ಲಿ ಅವರ ಕುರಿತು ಕೆಲವು ಮಾತುಗಳನ್ನು ಬರೆದಿಡಲಾಯಿತು. ಕಣ್ಣಿನಿಂದ ಕಂಡ ಯಾವುದೇ ವಸ್ತುವನ್ನು ತಮ್ಮ ಕೈಯಿಂದ ಮಾಡಬಲ್ಲ ಕುಶಲಿ ಅವರು. ಬೇರೊಬ್ಬನು ಮೊದಲು ಕನ್ನಡಕವನ್ನು ಮಾಡಿದ್ದನಾದರೂ ಆ ವಿದ್ಯೆಯನ್ನು ಯಾರಿಗೂ ಹೇಳಿಕೊಡಲು ಒಪ್ಪಲಿಲ್ಲ. ಸ್ಪೀನಾ ತಾವೇ ಅದನ್ನು ಮಾಡಿ, ಹರ್ಷದಿಂದ ಎಲ್ಲರಿಗೂ ಹಂಚಿದರು. ವೃತ್ತಾಂತದ ತಾತ್ಪರ್ಯ ಇಷ್ಟೇ. ಇಷ್ಟು ಸಣ್ಣ ದಾಖಲೆಯಲ್ಲಿ ಆ ಹರ್ಷದ ಪ್ರಸ್ತಾಪವನ್ನು ಬಿಡದೆ ಸೇರಿಸಿದ ಅನಾಮಿಕ ಬರಹಗಾರನಿಗೆ ನಾವು ಋಣಿಗಳು.

ಮೊದಲು ಮಾಡಿದವನನ್ನು ಸುಮ್ಮನೆ ದೂರುವುದು ನ್ಯಾಯವಲ್ಲ. ಕುಶಲಕರ್ಮಿಗೆ ತನ್ನ ಗುಟ್ಟೇ ಅನ್ನ. ಮಕ್ಕಳನ್ನು ಸಾಕಬೇಕಾದ ಗೃಹಸ್ಥನು ವಿದ್ಯೆಯನ್ನು ಬಚ್ಚಿಟ್ಟರೆ ಅದರಲ್ಲಿ ಆಶ್ಚರ್ಯವಿಲ್ಲ. ಸ್ಪೀನಾರವರಿಗೆ ಮಠದಲ್ಲಿ ಊಟ ಸಿಗುತ್ತಿತ್ತು. ಹಂಚುವುದು ಅವರಿಗೆ ಸುಲಭವಾಗಿತ್ತೆಂದೂ ವಾದಿಸಬಹುದು. ಆದರೂ, ಆ ಗುಟ್ಟು ಆ ಮನುಷ್ಯನೊಂದಿಗೇ ಮಣ್ಣಾಗಿದ್ದರೆ ಇನ್ನೆಷ್ಟು ತಲೆಮಾರುಗಳು ನಲವತ್ತೈದಕ್ಕೇ ಪುಸ್ತಕ ಮುಚ್ಚಬೇಕಾಗುತ್ತಿತ್ತೋ.

ಹೆಸರಿಲ್ಲದ ಕಡೆ ಹೆಸರು ಅಂಟಿಸುವವರು ಎಲ್ಲ ಕಾಲದಲ್ಲಿಯೂ ಇರುತ್ತಾರೆ. 1684ರಲ್ಲಿ ಫ್ಲಾರೆನ್ಸಿನ ಒಬ್ಬ ಲೇಖಕನು ತನ್ನ ಊರಿನ ಸಾಲ್ವಿನೊ ದೆಲ್ಯಿ ಅರ್ಮಾತಿ ಎಂಬವನೇ ಕನ್ನಡಕವನ್ನು ಕಂಡುಹಿಡಿದವನೆಂದು ಬರೆದನು. ಊರಿನವರು ನಂಬಿದರು, ಸ್ಮಾರಕವನ್ನೂ ನಿಲ್ಲಿಸಿದರು. ಅದು ಕೇವಲ ಕಟ್ಟುಕಥೆಯೆಂದು ವಿದ್ವಾಂಸರು ತೋರಿಸಿಕೊಡಬೇಕಾದರೆ ಇಪ್ಪತ್ತನೆಯ ಶತಮಾನ ಬರಬೇಕಾಯಿತು.

ಅದೇ ಕಾಲಕ್ಕೆ ವೆನಿಸ್ ನಗರದ ಸ್ಫಟಿಕ ಕುಶಲಕರ್ಮಿಗಳ ಸಂಘವು ಒಂದು ಕಟ್ಟಳೆ ಮಾಡಿತ್ತು. 1300ರ ಆ ಕಟ್ಟಳೆಯಲ್ಲಿ ಕಣ್ಣಿನ ಗಾಜುಗಳ ಹಾಗೂ ಓದುವ ಗಾಜುಗಳ ಉಲ್ಲೇಖವಿದೆ. ಸಾಧಾರಣ ಗಾಜನ್ನು ಸ್ಫಟಿಕವೆಂದು ಹೇಳಿ ಮಾರಬಾರದೆಂಬುದು ಅದರ ಆಶಯ. ಕನ್ನಡಕ ಹುಟ್ಟಿ ಎರಡು ದಶಕ ಕಳೆಯುವ ಮೊದಲೇ ಮೋಸದ ವ್ಯಾಪಾರವೂ ಹುಟ್ಟಿಕೊಂಡಿತ್ತು ನೋಡಿ.

ತ್ರೆವೀಸೊ ಪಟ್ಟಣದ ದೊಮಿನಿಕ ಮಠದ ಸಭಾಗೃಹದ ಗೋಡೆಯಲ್ಲಿ 1352ರಲ್ಲಿ ತೊಮ್ಮಾಸೊ ದಾ ಮೊದೆನಾ ಎಂಬ ಕಲಾವಿದನು ಆ ಸಭೆಯ ನಲವತ್ತು ಮಹನೀಯರ ಚಿತ್ರಗಳನ್ನು ಬರೆದನು. ಅವರಲ್ಲಿ ಕಾರ್ಡಿನಲ್ ಹ್ಯೂ ಮೂಗಿನ ಮೇಲೆ ಕನ್ನಡಕ ಏರಿಸಿಕೊಂಡು ಬರೆಯುತ್ತ ಕುಳಿತಿದ್ದಾರೆ. ಕನ್ನಡಕ ಧರಿಸಿದ ಮನುಷ್ಯನ ಅತಿ ಪುರಾತನ ಚಿತ್ರವೆಂದು ಇದು ಪ್ರಸಿದ್ಧ. ವಿನೋದವೆಂದರೆ ಕಾರ್ಡಿನಲರು ತೀರಿಕೊಂಡದ್ದು 1263ರಲ್ಲಿ, ಕನ್ನಡಕ ಹುಟ್ಟುವುದಕ್ಕೆ ಸಾಕಷ್ಟು ಮೊದಲು! ಎರಡು ಗಾಜುಗಳನ್ನು ಮೊಳೆಯಿಂದ ಜೋಡಿಸಿದ ಆ ಕನ್ನಡಕಕ್ಕೆ ಕಿವಿಗೆ ಸಿಕ್ಕಿಸುವ ಕಡ್ಡಿಗಳಿಲ್ಲ. ಆ ಕಡ್ಡಿಗಳು ಬರಲು ಇನ್ನೂ ನಾಲ್ಕು ಶತಮಾನ ಹಿಡಿಯಿತು. ಅಲ್ಲಿಯವರೆಗೆ ಜನರು ಮೂಗನ್ನು ಹಿಂಡಿಕೊಂಡೋ ಕೈಯಲ್ಲಿ ಹಿಡಿದುಕೊಂಡೋ ಓದಿದರು.

ಮುಂದೆ ಅಚ್ಚಿನ ಯಂತ್ರ ಬಂದು ಪುಸ್ತಕಗಳು ಹೆಚ್ಚಿದಂತೆ ಕನ್ನಡಕಗಳಿಗೂ ಬೇಡಿಕೆ ಹೆಚ್ಚಿತು. ಮಿಲಾನಿನ ದೊರೆಮನೆತನವು 1462ರಲ್ಲಿ ಫ್ಲಾರೆನ್ಸಿನಿಂದ ಮೂರು ಡಜನ್ ಕನ್ನಡಕಗಳನ್ನು ತರಿಸಿಕೊಂಡಿತು. ಅವುಗಳಲ್ಲಿ ಒಂದು ಡಜನ್ ದೂರದ್ದು ಕಾಣಿಸದ ಯುವಕರಿಗಾಗಿ, ಇನ್ನೊಂದು ಹತ್ತಿರದ್ದು ಕಾಣಿಸದ ವೃದ್ಧರಿಗಾಗಿ. ಸಮೀಪದೃಷ್ಟಿಗೂ ಅಷ್ಟರಲ್ಲಿ ಮದ್ದು ಸಿಕ್ಕಿತ್ತೆಂದಾಯಿತು. 1466ರಲ್ಲಿ ಅದೇ ಮನೆತನವು ಇನ್ನೂರು ಕನ್ನಡಕಗಳನ್ನು ಬೇಡಿತು. ಮೂವತ್ತರಿಂದ ಎಪ್ಪತ್ತರವರೆಗಿನ ಪ್ರಾಯಕ್ಕೆ ಐದೈದು ವರ್ಷಗಳ ಅಂತರದಲ್ಲಿ ವಿಂಗಡಿಸಿ ಕಳುಹಿಸಬೇಕೆಂಬುದು ಕೋರಿಕೆ. ಇಂದು ಸಂತೆಯಲ್ಲಿ, ಬಸ್ ನಿಲ್ದಾಣದ ಬದಿಯಲ್ಲಿ ಹರಡಿಟ್ಟು “ನಿಮ್ಮ ವಯಸ್ಸೆಷ್ಟು?” ಎಂದು ಕೇಳಿ ಕೊಡುವ ಕನ್ನಡಕಗಳು ಐನೂರೈವತ್ತು ವರ್ಷ ಹಳೆಯ ಈ ಪದ್ಧತಿಯ ಮುಂದುವರಿಕೆಯೇ ಸರಿ.

ಗಾಜು ಏಕೆ ಕೆಲಸ ಮಾಡುತ್ತದೆಂದು ಮಾತ್ರ ಮುನ್ನೂರು ವರ್ಷ ಯಾರಿಗೂ ಸ್ಪಷ್ಟವಾಗಿರಲಿಲ್ಲ. ಬಿಂಬವು ಅಕ್ಷಿಪಟಲದ ಮೇಲೆ ತಲೆಕೆಳಗಾಗಿ ಮೂಡುತ್ತದೆ, ಮಸೂರವು ಬೆಳಕನ್ನು ಅಲ್ಲಿಗೆ ಕೂಡಿಸುತ್ತದೆ ಎಂದು 1604ರಲ್ಲಿ ವಿವರಿಸಿದವನು ಖಗೋಳಜ್ಞ ಕೆಪ್ಲರ್. ಬಾಲ್ಯದ ಸಿಡುಬಿನಿಂದ ಅವನ ಕಣ್ಣುಗಳೇ ದುರ್ಬಲವಾಗಿದ್ದವು. ಯೇಸುಸಭೆಯ ಗುರು ಕ್ರಿಸ್ತೋಫ್ ಶೈನರ್ 1619ರಲ್ಲಿ ಕಣ್ಣಿನ ಬಗ್ಗೆಯೇ ಒಂದು ಗ್ರಂಥ ಬರೆದು, ಹತ್ತಿರ ಮತ್ತು ದೂರಕ್ಕೆ ಕಣ್ಣು ತನ್ನನ್ನು ಹೊಂದಿಸಿಕೊಳ್ಳುವುದನ್ನು ಪ್ರಯೋಗದಿಂದ ತೋರಿಸಿದರು.

ಕನ್ನಡಕವು ಪೂರ್ವದೇಶಗಳಿಗೆ ಬಂದ ಬಗೆಯೂ ಕುತೂಹಲಕರ. ಗೋವೆಯಿಂದ ಹೊರಟು 1549ರಲ್ಲಿ ಜಪಾನನ್ನು ಸೇರಿದ ಸಂತ ಫ್ರಾನ್ಸಿಸ್ ಝೇವಿಯರರು 1551ರಲ್ಲಿ ಯಾಮಾಗುಚಿಯ ಅಧಿಪತಿಗೆ ಅರ್ಪಿಸಿದ ಕಾಣಿಕೆಗಳಲ್ಲಿ ಗಡಿಯಾರದೊಂದಿಗೆ ಕನ್ನಡಕವೂ ಇತ್ತು. ಎರಡು ದಶಕಗಳ ಬಳಿಕ ಅದೇ ದೇಶದ ಗಿಫು ಪಟ್ಟಣಕ್ಕೆ ಯೇಸುಸಭೆಯ ಗುರು ಕಬ್ರಾಲರು ಕನ್ನಡಕ ಧರಿಸಿ ಹೋದಾಗ ನಾಲ್ಕು ಕಣ್ಣಿನ ಮನುಷ್ಯನೊಬ್ಬ ಬಂದಿದ್ದಾನೆಂದು ಜನರು ಮುಗಿಬಿದ್ದರಂತೆ.

ನಮ್ಮ ನಾಡಿನ ಮಾತೂ ಇಲ್ಲಿ ಬರುತ್ತದೆ. ವಿಜಯನಗರದ ಶ್ರೀ ಕೃಷ್ಣದೇವರಾಯನ ಗೌರವಕ್ಕೆ ಪಾತ್ರರಾಗಿದ್ದ ಮಾಧ್ವ ಯತಿ ವ್ಯಾಸರಾಯರ ಜೀವನವನ್ನು ಸೋಮನಾಥ ಕವಿಯು ‘ವ್ಯಾಸಯೋಗಿಚರಿತ’ವೆಂಬ ಸಂಸ್ಕೃತ ಕೃತಿಯಲ್ಲಿ ವರ್ಣಿಸಿದ್ದಾನೆ. ಯತಿಗಳು ಕನ್ನಡಕದ ನೆರವಿನಿಂದ ಗ್ರಂಥ ಓದುತ್ತಿದ್ದ ಉಲ್ಲೇಖ ಅದರಲ್ಲಿದೆಯೆಂದು ಪುಣೆಯ ವಿದ್ವಾಂಸ ಪಿ. ಕೆ. ಗೋಡೆಯವರು ಗುರುತಿಸಿದರು. ಭಾರತದಲ್ಲಿ ಕನ್ನಡಕದ ಬಳಕೆಗೆ ದೊರೆತಿರುವ ಬಹಳ ಹಳೆಯ ಆಧಾರಗಳಲ್ಲಿ ಇದೊಂದು. 1510ರಲ್ಲಿ ಗೋವೆಯಲ್ಲಿ ನೆಲೆಯೂರಿದ ಪೋರ್ಚುಗೀಸರ ಮೂಲಕ ಅದು ವಿಜಯನಗರವನ್ನು ತಲುಪಿರಬೇಕೆಂಬುದು ಗೋಡೆಯವರ ಊಹೆ. ಅದು ನಿಜವಾದರೆ, ಪೀಸಾದ ಕ್ರೈಸ್ತ ಸಂನ್ಯಾಸಿಯು ಹರ್ಷದಿಂದ ಹಂಚಿದ ವಸ್ತುವು ಇನ್ನೂರು ವರ್ಷಗಳ ನಂತರ ತುಂಗಭದ್ರೆಯ ತೀರದ ಹಿಂದೂ ಸಂನ್ಯಾಸಿಯ ಓದಿಗೆ ಒದಗಿಬಂದಿತು.

ಇಷ್ಟು ದೂರ ಸಾಗಿಬಂದ ಕನ್ನಡಕವು ಕೊನೆಯ ನಾಲ್ಕು ಹೆಜ್ಜೆ ನಡೆದು ನಮ್ಮ ಮನೆಗಳ ಒಳಗೆ ಬರಲು ಏಕೆ ತಡಮಾಡುತ್ತಿದೆ? ಹತ್ತಿರದ ದೃಷ್ಟಿ ಮಂದವಾಗಿದ್ದೂ ತಕ್ಕ ಕನ್ನಡಕವಿಲ್ಲದವರು ಜಗತ್ತಿನಲ್ಲಿ ಸುಮಾರು 82.6 ಕೋಟಿ ಎಂದು ವಿಶ್ವ ಆರೋಗ್ಯ ಸಂಸ್ಥೆಯು 2019ರ ವರದಿಯಲ್ಲಿ ಅಂದಾಜು ಮಾಡಿತು. ಬಡತನ ಒಂದು ಕಾರಣ, ನಿಜ. ಆದರೆ ಓದುವ ಸಾಮಾನ್ಯ ಕನ್ನಡಕ ಇಂದು ಹಬ್ಬಕ್ಕೆ ತರುವ ಒಂದು ಕಿಲೋ ಮಾಂಸಕ್ಕಿಂತ ಅಗ್ಗ. ಬೇರೆ ಕಾರಣಗಳು ನಮ್ಮ ಮಾತುಗಳಲ್ಲಿಯೇ ಅಡಗಿವೆ. “ಕನ್ನಡಕ ಹಾಕಿದರೆ ಕಣ್ಣು ಇನ್ನೂ ಕೆಡುತ್ತದೆ” ಎಂಬ ನಂಬಿಕೆ ಅವುಗಳಲ್ಲೊಂದು. ಹಾಕಿದರೂ ಹಾಕದಿದ್ದರೂ ಮಸೂರ ತನ್ನ ಪಾಡಿಗೆ ಗಡುಸಾಗುತ್ತ ಹೋಗುತ್ತದೆ. ಹಾಕದಿದ್ದವನಿಗೆ ತಲೆನೋವು ಮಾತ್ರ ಲಾಭ. “ನನಗೇನು ಓದುವುದಿದೆ?” ಎಂಬುದು ಇನ್ನೊಂದು. ಹೆಚ್ಚಾಗಿ ನಮ್ಮ ತಾಯಂದಿರ ಬಾಯಲ್ಲಿ ಕೇಳಿಬರುವ ಈ ಮಾತು ನನ್ನನ್ನು ಬಹಳ ನೋಯಿಸುತ್ತದೆ. ಮನೆಯ ಯಜಮಾನನಿಗೆ ಪತ್ರಿಕೆ ಓದಲು ಕನ್ನಡಕ ಬರುತ್ತದೆ. ಅಕ್ಕಿ ಆರಿಸುವ, ರವಿಕೆ ಹೊಲಿಯುವ, ಬೀಡಿ ಕಟ್ಟುವ, ಮೊಮ್ಮಗುವಿನ ಔಷಧಿ ಸೀಸೆಯ ಮೇಲಿನ ಅಳತೆ ನೋಡಬೇಕಾದ ಆಕೆಗೆ ಅದು ಬೇಡವಂತೆ!

ಅಸ್ಸಾಮಿನ ಚಹಾ ತೋಟಗಳಲ್ಲಿ ನಲವತ್ತು ದಾಟಿದ 751 ಕಾರ್ಮಿಕರ ನಡುವೆ ಒಂದು ಪ್ರಯೋಗ ನಡೆಯಿತು. 2018ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಕೆಲವರಿಗೆ ಆರಂಭದಲ್ಲಿಯೇ ಹತ್ತಿರದ ಕನ್ನಡಕ ಕೊಡಲಾಯಿತು, ಉಳಿದವರಿಗೆ ಪ್ರಯೋಗ ಮುಗಿದ ಮೇಲೆ. ಮೊದಲು ಪಡೆದವರ ಎಲೆ ಕೀಳುವ ಪ್ರಮಾಣ ಉಳಿದವರಿಗಿಂತ ಶೇಕಡಾ 22ರಷ್ಟು ಹೆಚ್ಚಾಯಿತು. ಚಹಾ ಎಲೆ ಕೀಳುವುದಕ್ಕೆ ಅಕ್ಷರ ಓದಬೇಕಾಗಿಲ್ಲವೆಂಬುದನ್ನು ಗಮನಿಸಬೇಕು.

ಆದರೆ ಸಂತೆಯ ಕನ್ನಡಕವೊಂದೇ ಸಾಕೆಂದು ನಾನು ಹೇಳುತ್ತಿಲ್ಲ. ಅದು ಎರಡೂ ಕಣ್ಣುಗಳು ಒಂದೇ ಸಮನಾಗಿವೆಯೆಂದು ಊಹಿಸಿಕೊಂಡಿರುತ್ತದೆ. ಬಹಳ ಮಂದಿಯ ಕಣ್ಣುಗಳು ಹಾಗಿರುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಕಾಚಬಿಂದು ಎಂಬ ರೋಗವು ಸಾಮಾನ್ಯವಾಗಿ ನೋವಿಲ್ಲದೆ, ಸದ್ದಿಲ್ಲದೆ, ಅಂಚಿನಿಂದ ದೃಷ್ಟಿಯನ್ನು ಕಬಳಿಸುತ್ತ ಬರುತ್ತದೆ. ಹೋದ ದೃಷ್ಟಿ ಮರಳುವುದಿಲ್ಲ. ಅದನ್ನು ಮೊದಲೇ ಪತ್ತೆಹಚ್ಚುವ ಅವಕಾಶ ಅನೇಕರಿಗೆ ದೊರೆಯುವುದು ಚಾಳೀಸಿಗಾಗಿ ಕಣ್ಣಿನ ವೈದ್ಯರ ಬಳಿ ಹೋದ ದಿನದಂದೇ. ಆದ್ದರಿಂದ ನಲವತ್ತಾದ ಮೇಲೆ ಒಮ್ಮೆ, ಅನಂತರ ವೈದ್ಯರು ಹೇಳಿದ ಅವಧಿಗೊಮ್ಮೆ ಕಣ್ಣಿನ ಒತ್ತಡವನ್ನೂ ಒಳಭಾಗವನ್ನೂ ಪರೀಕ್ಷಿಸಿಕೊಳ್ಳಬೇಕು. ಸಕ್ಕರೆ ಕಾಯಿಲೆಯಿದ್ದವರು ದೃಷ್ಟಿ ಎಷ್ಟೇ ಚೆನ್ನಾಗಿದೆಯೆಂದು ತೋರಿದರೂ ವರ್ಷಕ್ಕೊಮ್ಮೆ ಅಕ್ಷಿಪಟಲವನ್ನು ತೋರಿಸಬೇಕು. ಪಾಠಶಾಲೆಯ ಮಕ್ಕಳು ಕರಿಹಲಗೆ ಕಾಣದೆ ಮುಂದಿನ ಬೆಂಚಿಗೆ ಸರಿಯುತ್ತಿದ್ದರೆ ಗದರಿಸದೆ ಕಣ್ಣು ಪರೀಕ್ಷೆ ಮಾಡಿಸಬೇಕು. ಮೊಬೈಲನ್ನು ಕೈಯಿಂದ ತೆಗೆದಿರಿಸಿ ಹಗಲು ಬೆಳಕಿನಲ್ಲಿ ಹೊರಗೆ ಆಡಲು ಬಿಟ್ಟರೆ ಅವರಲ್ಲಿ ಸಮೀಪದೃಷ್ಟಿ ತಲೆದೋರುವ ಸಂಭವ ಕಡಿಮೆಯೆಂದು ಇತ್ತೀಚಿನ ಅಧ್ಯಯನಗಳು ತಿಳಿಸುತ್ತವೆ.

ಕಣ್ಣು ಕೆಂಪಾದಾಗ ಸೊಪ್ಪಿನ ರಸ, ಜೇನು, ಎದೆಹಾಲು ಹಿಂಡುವ ರೂಢಿ ಇನ್ನೂ ಪೂರ್ತಿ ಹೋಗಿಲ್ಲ. ಹಳೆಯ ಚೀಟಿ ತೋರಿಸಿ ಅಂಗಡಿಯಿಂದ ಹನಿಗಳನ್ನು ತಂದು ತಿಂಗಳುಗಟ್ಟಲೆ ಹಾಕಿಕೊಳ್ಳುವವರೂ ಇದ್ದಾರೆ. ಕೆಲವು ಹನಿಗಳಲ್ಲಿರುವ ಸ್ಟೀರಾಯ್ಡ್ ಕಣ್ಣಿನ ಒತ್ತಡವನ್ನು ಏರಿಸಿ ಕಾಚಬಿಂದುವನ್ನೇ ತಂದಿಡಬಲ್ಲುದು. ತೋಬಿತನ ಕಥೆಯಲ್ಲಿ ಮೀನಿನ ಪಿತ್ತದಿಂದ ಕಣ್ಣು ತೆರೆದದ್ದನ್ನು ನಾವೆಲ್ಲ ಬಲ್ಲೆವು. ಅದೇ ಗ್ರಂಥದ ಎರಡನೆಯ ಅಧ್ಯಾಯದಲ್ಲಿ, ಅವನಿಗೆ ಮುಲಾಮು ಹಚ್ಚಿದಷ್ಟೂ ದೃಷ್ಟಿ ಕುಂದುತ್ತ ಹೋಗಿ ಕೊನೆಗೆ ಪೂರ್ಣ ಕುರುಡಾಯಿತೆಂಬ ಮಾತೂ ಇದೆ. ಅದನ್ನು ಮಾತ್ರ ನಾವು ಅಷ್ಟಾಗಿ ಓದುವುದಿಲ್ಲ. ಡಿಸೆಂಬರ್ 13ರಂದು ಸಂತ ಲೂಸಿಯಮ್ಮನವರ ಹಬ್ಬದಲ್ಲಿ ಕಣ್ಣುಗಳಿಗಾಗಿ ಬೇಡಿಕೊಳ್ಳುವವರು ಅದೇ ವಾರದಲ್ಲಿ ವೈದ್ಯರ ಬಳಿಗೂ ಹೋಗಿ ಬಂದರೆ ಸಂತಳೇನೂ ಬೇಸರಿಸಿಕೊಳ್ಳಲಾರಳು.

ದೇವಾಲಯದ ವಸ್ತ್ರಾಗಾರದ ಮೇಜಿನ ಮೇಲೆ, ವಾಚನ ಗ್ರಂಥದ ಪಕ್ಕದಲ್ಲಿ, ಒಂದೂವರೆ, ಎರಡು, ಎರಡೂವರೆ ಪವರಿನ ಮೂರು ಓದುವ ಕನ್ನಡಕಗಳನ್ನು ಇಟ್ಟರೆ ಧರ್ಮಕೇಂದ್ರಕ್ಕೆ ತಗಲುವ ಖರ್ಚು ಅತ್ಯಲ್ಪ. “ಬೇರೆ ಯಾರಿಗಾದರೂ ಹೇಳಿ ಸ್ವಾಮಿ” ಎನ್ನುವವರ ಕೈಗೆ ಒಂದನ್ನು ಕೊಟ್ಟು ನೋಡಬಹುದು. ಅಕ್ಷರ ಕಂಡಿತೆಂದು ಅವರ ಮುಖ ಅರಳಿದರೆ, ಅಂದಿನ ವಾಚನ ಅವರದಾಗಲಿ. ಮರುದಿನ ಬೆಳಿಗ್ಗೆ ಕಣ್ಣಿನ ಆಸ್ಪತ್ರೆಗೆ ಅವರೊಂದಿಗೆ ಯಾರು ಹೋಗುವರೆಂಬುದನ್ನು ಬಲಿಪೂಜೆ ಮುಗಿದ ಕೂಡಲೇ ಅಂಗಳದಲ್ಲಿಯೇ ನಿಶ್ಚಯಿಸಬಹುದು.